ಅಜ್ಜಿಯ ಅಂಗೈಗೆ ಬಾರದ ಬೇರು

ತೊಂಬತ್ತರ ದಶಕದ ಆ ವರ್ಷಗಳಲ್ಲಿ ಆರಿದ್ರಾ ಮಳೆ ಹಿಡಿಯಿತೆಂದರೆ ತೊಣ್ಣೂರಿನ ನಮ್ಮ ಮನೆಯಲ್ಲಿ ಅಣಬೆ ಸಾರಿನ ಕಾಲ. ಹೊಲದ ಹುತ್ತದ ಸುತ್ತ ಅಣಬೆ ಏಳುತ್ತಿತ್ತು. ಪಕ್ಕದಲ್ಲೇ ವಿಷದ ನಾಯಿ ಅಣಬೆಯೂ ಏಳುತ್ತಿತ್ತು. ಬಲಿತರೆ ನಾಯಿ ಅಣಬೆಯ ಕೊಡೆಯ ಒಳಮೈ ಹಸಿರಿಗೆ ತಿರುಗುತ್ತದೆ. ಎಳೆಯದಿರುವಾಗ ಎರಡೂ ಒಂದೇ ಬಿಳುಪು. ಆಗ ಗುರುತು ಹೇಳುವುದು ಬೇರು. ಹುತ್ತದ್ದಕ್ಕೆ ಮಣ್ಣಿನಾಳಕ್ಕಿಳಿದ ಉದ್ದ ಬೇರು, ನಾಯಿಯದಕ್ಕೆ ಇಲ್ಲ.

ಹೆಸರಿಡುವುದು ಅಜ್ಜಿಯ ಕೆಲಸ. ಜಗಲಿಯಲ್ಲಿ ಕೂತು ಒಂದೊಂದರ ಬೇರು ಸವರಿ, "ಉತ್ತದ್ದು," "ನಾಯಿದು" ಅನ್ನುತ್ತಿದ್ದಳು. ನಾಯಿಯದನ್ನು ಬೀದಿಗೆ ಎಸೆದರೆ ನಾವು ಮಕ್ಕಳು ಒದ್ದು ಆಡುತ್ತಿದ್ದೆವು. ಬೆಳ್ಳುಳ್ಳಿ, ಮೆಣಸು ಅರೆದು ಹಾಕಿದ ಸಾರಿನ ಘಮ ಬೀದಿ ತುಂಬುತ್ತಿತ್ತು. ಮೊದಲ ಊಟ ಮಾತ್ರ ಅಜ್ಜಿಯದು. ಸಂಜೆ ದನ ಮೇದು ಕೊಟ್ಟಿಗೆಗೆ ಬರುವವರೆಗೂ ಅವಳಿಗೇನೂ ಆಗಲಿಲ್ಲವೆಂದರೆ ಮಾತ್ರ ಉಳಿದವರು ಮುಟ್ಟಬಹುದಿತ್ತು.

ಒಂದು ವರ್ಷ ಅಜ್ಜಿಯ ಕಣ್ಣಿಗೆ ಪೊರೆ ಬಂದಿತ್ತು. ಚಿಕ್ಕಪ್ಪ ಮಂಕರಿ ತುಂಬ ಎಳೆ ಅಣಬೆ ತಂದ. ಅಜ್ಜಿ ತಡವಿದಳು.

"ಬೇರೆಲ್ಲಿ ಮಡಗಿದ್ದೀಯ್ಲಾ?"

"ಕೆಸ್ರು ಕಣವ್ವ, ಕುಡ್ಲಲ್ಲಿ ಕುಯ್ಕಂಡ್ ಬಂದ್ಬುಟ್ಟೆ."

"ಬೇರಿಲ್ದೆ ನಾನೇನ್ಲಾ ಹೇಳ್ಲಿ?"

"ಕಣ್ಣು ಕಾಣಕ್ಕಿಲ್ಲ ಅನ್ನು. ಬೇರಿನ ನೆಪ ಯಾಕೆ?" ಎಂದು ನಕ್ಕ.

ಅಜ್ಜಿ ಎರಡು ಅಣಬೆ ಕೈಗೆತ್ತಿಕೊಂಡಳು. ಒಂದನ್ನು ಮೂಸಿದಳು, ಇನ್ನೊಂದನ್ನು ಮೂಸಿದಳು. ಕೊನೆಗೆ, "ಒಲೆ ಮ್ಯಾಕೆ ಮಡಗವ್ವಾ," ಎಂದು ಅಮ್ಮನಿಗೆ ಹೇಳಿದಳು.

ಎಂದಿನಂತೆ ಒಬ್ಬಳೇ ಉಂಡಳು. ದನ ಬರುವ ಮೊದಲೇ ವಾಂತಿ ಶುರುವಾಯಿತು. ಗಾಡಿ ಕಟ್ಟಿ ಪಾಂಡವಪುರದ ಆಸ್ಪತ್ರೆಗೆ ಒಯ್ದರು. ಸಾರನ್ನು ಅಮ್ಮ ತಿಪ್ಪೆಯಲ್ಲಿ ಗುಂಡಿ ತೋಡಿ ಸುರಿದಳು.

ಅಜ್ಜಿ ಉಳಿದಳು. ನೋಡಲು ಬಂದವರಿಗೆಲ್ಲ ಚಿಕ್ಕಪ್ಪ ಒಂದೇ ಮಾತು ಹೇಳಿದ: "ಅವ್ವಂಗೆ ಗುರ್ತು ಸಿಕ್ಕನಿಲ್ಲ, ಕಣ್ಣು ಓಗ್ಬುಟ್ಟದೆ." ಕುಡುಗೋಲಿನ ಮಾತು ಅವನೂ ಎತ್ತಲಿಲ್ಲ, ಅಜ್ಜಿಯೂ ಎತ್ತಲಿಲ್ಲ.

ಆಮೇಲೆ ನಮ್ಮ ಮನೆಗೆ ಅಣಬೆ ಬರಲಿಲ್ಲ. ಗುಡುಗಿದ ಮಾರನೆಯ ಬೆಳಿಗ್ಗೆ ಅಜ್ಜಿ ಜಗಲಿಗೆ ಬಂದು ಕೂರುತ್ತಿದ್ದಳು.

"ಉತ್ತದ ತಾವ ಎದ್ದವೇನವ್ವಾ?"

"ಇಲ್ಲ ಕಣತ್ತೆ," ಎನ್ನುತ್ತಿದ್ದಳು ಅಮ್ಮ. ಹೊಲದಲ್ಲಿ ಅಣಬೆ ಬೆಳ್ಳಗೆ ಎದ್ದು ನಿಂತಿರುತ್ತಿದ್ದವು.

ಆ ಹುತ್ತ ಈಗಲೂ ಇದೆ. ಈ ವರ್ಷದ ಆರಿದ್ರಾ ಮಳೆಯಲ್ಲಿ ಹೋಗಿ, ಮಣ್ಣು ಬಿಡಿಸಿ, ಬೇರು ತುಂಡಾಗದಂತೆ ಒಂದು ಅಣಬೆ ಕಿತ್ತೆ. ಮೊಳದುದ್ದದ ಬೇರು. ಮನೆಗೆ ತಂದೆ. ಅದನ್ನು ಇಡಲು ಜಗಲಿಯಲ್ಲಿ ಅಜ್ಜಿಯ ಅಂಗೈ ಇರಲಿಲ್ಲ.