ಅಕ್ಕನ ಕುರಿಗಳ ಕಿವಿ ಗುರುತು

ನಮ್ಮ ಮನೆತನದಲ್ಲಿ ಡಿಗ್ರಿ ಪಡೆದ ಮೊದಲಿಗಳು ನಾನು. ಹೇಳಿಕೊಳ್ಳಲು ನಾಚಿಕೆಯಿಲ್ಲ, ಮರಳವಾಡಿ ಕಡೆಯಿಂದ ಕನಕಪುರದ ಕಾಲೇಜಿಗೆ, ಬಟ್ಟೆಯಲ್ಲಿ ಕುರಿ ವಾಸನೆ ಹೊತ್ತು ಬಸ್ಸಿನಲ್ಲಿ ನೇತಾಡಿ ಸಂಪಾದಿಸಿದ್ದು. ಅಕ್ಕನ ಗಂಡನಿಗೆ ಮಾತ್ರ ಅದು ತಮಾಷೆ. ಮಾಗಡಿ ಹತ್ತಿರದ ಅವನ ಊರಿಗೆ ಹೋದಾಗಲೆಲ್ಲ, "ಏನಮ್ಮಿ ಬಿಎ, ನಿನ್ನ ಡಿಗ್ರಿ ಒಂದು ಕುರಿನಾದ್ರೂ ಮೇಯಿಸ್ತದಾ?" ಎನ್ನುತ್ತಿದ್ದ.

ಮದುವೆಯಾಗಿ ಇಪ್ಪತ್ತಾರು ವರ್ಷ ಕಳೆದ ಮೇಲೆ ಈ ಭಾವನಿಗೆ ಸಂಸಾರದಲ್ಲಿ ಹೊಂದಾಣಿಕೆಯಿಲ್ಲ ಅನ್ನಿಸಿತು. ಅನ್ನಿಸಿದ್ದು ಮಾಗಡಿ ಪೇಟೆಯಲ್ಲಿ ಇನ್ನೊಬ್ಬಳಿಗೆ ಬಾಡಿಗೆ ಮನೆ ಮಾಡಿದ ನಂತರ. ಇಬ್ಬರೂ ಒಪ್ಪಿ ವಿಚ್ಛೇದನಕ್ಕೆ ಸಹಿ ಹಾಕೋಣ ಎಂದು ಬಹಳ ಮರ್ಯಾದೆಯಿಂದ ಹೇಳಿಕಳಿಸಿದ. ಅಕ್ಕ ಎರಡು ದಿನ ಅತ್ತಳು. ಆಮೇಲೆ ಮುಖ ತೊಳೆದು, "ಹೋಗೋನು ಹೋಗ್ಲಿ. ನನ್ನ ಕುರಿ ನಂಗೆ ಬುಟ್ಟೋಗ್ಲಿ" ಎಂದಳು.

ಕುರಿ ಅವಳ ಬಳುವಳಿ. ನಮ್ಮವರು ಮದುವೆಯಲ್ಲಿ ಮಗಳ ಜೊತೆ ಕುರಿ ಕೊಡುತ್ತಾರೆ. ಅವುಗಳ ಸಂತಾನವೂ ಅವಳದೇ. ಅಪ್ಪ ಕೊಟ್ಟ ಎರಡು ಹೆಣ್ಣು ಮರಿಗಳ ಎಡಗಿವಿಯ ತುದಿಯನ್ನು ಕವಲಾಗಿ ಸೀಳಿದ್ದರು. ಅದು ನಮ್ಮ ಮನೆಯ ಗುರುತು. ಅವುಗಳಿಗೆ ಹುಟ್ಟುವ ಮರಿಗಳಿಗೂ ಅದೇ ಗುರುತು ಹಾಕಬೇಕು.

ನಾನು ರಾಮನಗರದ ವಕೀಲರೊಬ್ಬರನ್ನು ಕಂಡೆ. "ಗಂಡನ ಹೆಸರಿನ ಆಸ್ತೀಲಿ ಅರ್ಧ ಅಂತ ಕಾನೂನಿಲ್ಲ ಮೇಡಂ. ಜೀವನಾಂಶ ಕೇಳೋಣ. ತವರಿಂದ ತಂದಿದ್ದು ಅವರ ಸ್ತ್ರೀಧನ. ಆದ್ರೆ ಯಾವುದು ತಂದಿದ್ದು ಅಂತ ತೋರಿಸಬೇಕು" ಎಂದರು. ಕಾಗದದಲ್ಲಿ ಬರೆಯುವ ಮೊದಲು ಊರ ಹಿರಿಯರ ಮುಂದೆ ಮಾತಾಗಲಿ ಎಂದು ಭಾವ ಪಟ್ಟು ಹಿಡಿದ. ಹಿರಿಯರು ಅವನ ಕಡೆಯವರೇ, ಭಯವೇನು?

ಅವನ ಅಂಗಳದಲ್ಲಿ ಕೂತೆವು. ಇಸ್ತ್ರಿ ಮಾಡಿದ ಬಿಳಿ ಶರ್ಟಿನಲ್ಲಿ ಭಾವ ಇನ್ನೊಂದು ಮದುವೆಗೆ ಹೊರಟವನ ಹಾಗಿದ್ದ.

"ಇವ್ರಪ್ಪ ಕೊಟ್ಟಿದ್ದು ಎರಡು ಮರಿ. ಅವು ಸತ್ತು ಯಾವ ಕಾಲ ಆಯ್ತು. ಆದ್ರೂ ನಾನು ಧರ್ಮ ಬುಟ್ಟೋನಲ್ಲ. ಎರಡು ಕೊಡ್ತೀನಿ, ಹೊಡ್ಕೊಂಡು ಹೋಗ್ಲಿ."

"ನ್ಯಾಯವಾಗೈತೆ" ಎಂದರು ಯಜಮಾನರು, ಅಂದರೆ ಹಿರಿಯರಲ್ಲಿ ಹಿರಿಯರು.

"ಅವು ಹಾಕಿದ ಮರಿಗಳು?" ಎಂದೆ ನಾನು.

"ಮರಿ ಹಾಕ್ಸಿದ್ದು ನಮ್ಮ ಟಗರು ಕಣಮ್ಮಿ!"

ಅಂಗಳವೆಲ್ಲ ನಕ್ಕಿತು.

"ಮೇಯ್ಸಿದ್ದೂ ಟಗರೇನಾ ಭಾವ? ದಿನಾ ಕುರಿ ರೊಪ್ಪ ಗುಡಿಸಿ ಗೊಬ್ಬರ ಹೊತ್ತಿದ್ದೂ ಅದೇನಾ?"

ನಗು ನಿಂತಿತು. "ಓದ್ಬುಟ್ಟವ್ಳೆ, ಒಸಿ ಬಾಯಿ ಜಾಸ್ತಿ" ಎಂದು ಯಜಮಾನರು ಗೋಡೆಗೆ ಹೇಳಿದರು.

ಆಗ ಪಕ್ಕದ ಮನೆಯ ಜಗಲಿಯಲ್ಲಿ ಅಡಿಕೆ ಅಗಿಯುತ್ತಿದ್ದ ಭಾವನ ತಮ್ಮ ಎದ್ದ. ಅಣ್ಣತಮ್ಮಂದಿರ ಪಾಲಾದ ದಿನದಿಂದ ಇಬ್ಬರಿಗೂ ಮಾತಿಲ್ಲ, ಮನೆಗಳ ನಡುವೆ ಇರುವುದು ಒಂದೇ ಗೋಡೆ.

"ಅಣ್ಣೋ, ರೊಪ್ಪದ ಬಾಗ್ಲು ತೆಗಿ. ಕಿವಿ ನೋಡವಾ."

ಭಾವನ ಮುಖದ ಇಸ್ತ್ರಿ ಮುದುರಿತು. ಕಾರಣವಿತ್ತು. ಪಾಲಿನ ಹೊತ್ತಿನಲ್ಲಿ ತಮ್ಮನಿಗೆ ಒಂದು ಕುರಿಯೂ ಹೋಗಬಾರದೆಂದು ಇವನು ರಾತ್ರೋರಾತ್ರಿ ಇಡೀ ಹಿಂಡಿಗೆ, ಸಂತೆಯಲ್ಲಿ ಕೊಂಡವಕ್ಕೂ, ಅಕ್ಕನ ಗುರುತು ಹಾಕಿದ್ದ. ಇವೆಲ್ಲ ಹೆಂಡತಿಯ ಬಳುವಳಿ, ಪಾಲಿಗೆ ಬರಲ್ಲ ಎಂದು ಇದೇ ಅಂಗಳದಲ್ಲಿ ಎದೆ ತಟ್ಟಿದ್ದ. ಆಮೇಲೂ ತಮ್ಮ ಗೋಡೆಯಾಚೆಯಿಂದ ನೋಡುತ್ತಲೇ ಇದ್ದದ್ದರಿಂದ, ಹುಟ್ಟಿದ ಪ್ರತಿ ಮರಿಯ ಎಡಗಿವಿಯನ್ನೂ ಸೀಳದೆ ಬೇರೆ ದಾರಿಯಿರಲಿಲ್ಲ.

"ಹೆಣ್ಣಿನ ಬಳುವಳಿಗೆ ಕೈ ಹಾಕ್ಬ್ಯಾಡ ಕಣ್ಲಾ ಅಂತ ಅವತ್ತು ನಂಗೆ ನೀವೇ ಹೇಳಿದ್ರಿ ಯಜಮಾನ್ರೇ. ಅವತ್ತು ಅತ್ತಿಗೇವು, ಇವತ್ತು ಹೆಂಗೆ ಅಣ್ಣನವಾದವು? ಅಣ್ಣನವೇ ಅಂದ್ರೆ ಆಗ್ಲಿ, ನನ್ನ ಅರ್ಧ ಕೊಡ್ಲಿ."

ಯಜಮಾನರಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. ಭಾವ ಲೆಕ್ಕ ಹಾಕಿದ. ನನ್ನವು ಎಂದರೆ ಅರ್ಧ ಹಿಂಡು ತಮ್ಮನಿಗೆ. ಅವಳವು ಎಂದರೆ ಇಡೀ ಹಿಂಡು ಹೆಂಡತಿಗೆ. ಯಾರೇ ಆದರೂ ಅರ್ಧ ಉಳಿಸಿಕೊಳ್ಳುತ್ತಿದ್ದರು. ಆದರೆ ತಮ್ಮನಿಗೆ ಒಂದು ಬಾಲ ಕೊಡುವ ಸಂಕಟದ ಮುಂದೆ ಅವನಿಗೆ ಬೇರೆಲ್ಲ ನಷ್ಟವೂ ಸಣ್ಣದು.

"ಅವಳವೇ" ಎಂದ. "ಎಲ್ಲಾನೂ ಅವಳವೇ."

ಅಷ್ಟನ್ನೂ ಬರೆಸಿ, ಜೀವನಾಂಶವನ್ನೂ ಸೇರಿಸಿ, ವಕೀಲರು ರಾಮನಗರದ ಕೋರ್ಟಿಗೆ ಸಲ್ಲಿಸಿದರು. ಕುರಿ ಸಿಕ್ಕ ಮೇಲೆ ಜೀವನಾಂಶ ಯಾಕೆ ಎಂದು ಭಾವ ತಕರಾರು ತೆಗೆದ. ಅವಳದ್ದನ್ನು ಅವಳಿಗೆ ಕೊಟ್ಟದ್ದು ಜೀವನಾಂಶ ಹೇಗಾಗುತ್ತದೆ ಎಂದು ವಕೀಲರು ಕೇಳಿದರು. ಭಾವ ತಕರಾರು ಕೈಬಿಟ್ಟ.

ಮರಳವಾಡಿಗೆ ಕುರಿ ಸಾಗಿಸಲು ಟೆಂಪೋ ತಂದ ದಿನ ಭಾವ ಟಗರಿನ ಕೊರಳ ಹಗ್ಗ ಹಿಡಿದು ನಿಂತಿದ್ದ. ಅದರ ಎಡಗಿವಿಯೂ ಸೀಳಿತ್ತು. ನಾನು ಬಾಯಿ ತೆಗೆಯುವಷ್ಟರಲ್ಲಿ ಅಕ್ಕ ಟೆಂಪೋದ ಹಿಂಬಾಗಿಲು ಹಾಕಿಸಿದಳು.

"ಇರ್ಲಿ, ಅದನ್ನ ನೀವೇ ಮಡಿಕ್ಕೊಳ್ಳಿ" ಎಂದಳು. "ಮರಿ ಹಾಕ್ಸೋದು ಅದೇ ಅಲ್ವಾ? ಹಾಕ್ಸ್ಕಳ್ಳಿ."