ಪೂಜೆಗೆ ಕೂತ ಫೈರ್‌ವಾಲ್

ಇದು ನಡೆದದ್ದು ೨೦೦೩ರ ದಸರಾದಲ್ಲಿ. ಆಗ ನಾನು ಇಂದಿರಾನಗರದ ಒಂದು ಸಣ್ಣ ಆಫೀಸಿನಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೆ. ವಧು-ವರರನ್ನು ಹುಡುಕಿಕೊಡುವ ವೆಬ್‌ಸೈಟ್ ನಮ್ಮದು. ಮಾಲೀಕರು ಮುನಿರಾಜು ಸರ್. ಹಿಂದೆ ಅವರ ತಾತನ ಹೊಲ ಇದ್ದ ಜಾಗದಲ್ಲೇ ಮನೆ ಕಟ್ಟಿಸಿ, ಕೆಳಗೆ ತಾಯಿಯ ಜೊತೆ ತಾವಿದ್ದು, ಮೇಲಿನ ಮಹಡಿಯಲ್ಲಿ ಆಫೀಸು ಮಾಡಿದ್ದರು. ಅವರ ತಾಯಿಯನ್ನು ನಾವೆಲ್ಲ ಅಜ್ಜಿ ಅನ್ನುತ್ತಿದ್ದೆವು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಅಂತ ಎಲ್ಲರಿಗೂ ಗೊತ್ತಿದ್ದರಿಂದ ನನ್ನ ಮಶೀನುಗಳ ತಂಟೆಗೆ ಯಾರೂ ಬರುತ್ತಿರಲಿಲ್ಲ.

ಮೂಲೆಯಲ್ಲಿ ಮಾನಿಟರ್ ಇಲ್ಲದ ಒಂದು ಹಳೇ ಕಂಪ್ಯೂಟರ್ ಇತ್ತು. ಅದೇ ನಮ್ಮ ಫೈರ್‌ವಾಲ್. ಹೊರಗಿನ ಇಂಟರ್ನೆಟ್ ಕೇಬಲ್ ಮೊದಲು ಅದಕ್ಕೆ ಬರುತ್ತಿತ್ತು. ಅದು ತಪಾಸಣೆ ಮಾಡಿ ಬಿಟ್ಟದ್ದು ಮಾತ್ರ ನಮ್ಮ ವೆಬ್‌ಸೈಟ್ ಇದ್ದ ಒಳಗಿನ ಸರ್ವರ್‌ಗೆ ಹೋಗಬೇಕು. ಆ ಸರ್ವರಿನಲ್ಲಿ ಎಷ್ಟೋ ಮನೆಯ ಹೆಣ್ಣುಮಕ್ಕಳ ಫೋಟೋ, ಫೋನ್ ನಂಬರು, ವಿಳಾಸ ಇದ್ದವು.

ಅವರಲ್ಲಿ ಒಬ್ಬರು ಶೋಭಾ. ಹಾವೇರಿ ಕಡೆಯವರು, ಕೆ.ಆರ್.ಪುರಂನಲ್ಲಿ ಶಾಲೆಯ ಟೀಚರ್. ಗಂಡನ ಹೊಡೆತ ತಾಳಲಾರದೆ ಮಗಳನ್ನು ಕರೆದುಕೊಂಡು ಬಂದವರು. ವಿಚ್ಛೇದನ ಆದ ಮೇಲೂ ಆತ ಬಿಟ್ಟಿರಲಿಲ್ಲ. ಹುಡುಕಿಕೊಂಡು ಬಂದು ಬೀದಿಯಲ್ಲಿ ನಿಂತು ಕೂಗಾಡುತ್ತಿದ್ದನಂತೆ, ಅದಕ್ಕೇ ಎರಡು ಸಲ ಮನೆ ಬದಲಾಯಿಸಿದ್ದರು. ಅಣ್ಣನ ಒತ್ತಾಯಕ್ಕೆ ನಮ್ಮಲ್ಲಿ ಹೆಸರು ನೋಂದಾಯಿಸಲು ಬಂದಾಗ ಮೂರು ಮೂರು ಸಲ ಕೇಳಿದ್ದರು, "ಅಡ್ರೆಸ್ ಯಾರಿಗೂ ಸಿಗಂಗಿಲ್ಲ ಹೌದಲ್ರಿ?"

"ಯಾರಿಗೂ ಸಿಗಲ್ಲ ಮೇಡಂ. ನನ್ನ ಜವಾಬ್ದಾರಿ," ಅಂದಿದ್ದೆ ನಾನು.

ಆಯುಧಪೂಜೆಯ ದಿನ ಮನೆಯಲ್ಲಿ ಅಮ್ಮನಿಗೆ ಜ್ವರ ಅಂತ ನಾನು ರಜೆ ಹಾಕಿದ್ದೆ. ಮರುದಿನ ಬೆಳಿಗ್ಗೆ ಜೀವನ್ ಬಿಮಾ ನಗರದ ನಮ್ಮ ಮನೆಗೆ ಸರ್ ಅವರ ಫೋನ್ ಬಂತು.

"ಏನೋ ಆಗೋಗಿದೆ ಕಣಮ್ಮ. ನಮ್ ಸೈಟ್ ಓಪನ್ ಮಾಡಿದ್ರೆ ತಲೆಬುರುಡೆ ಬರ್ತಿದೆ!"

ಆಟೋ ಹಿಡಿದು ಓಡಿದೆ. ಮೆಟ್ಟಿಲು ಹತ್ತಿ ನೋಡುತ್ತೇನೆ, ಮೂಲೆ ಖಾಲಿ! ನನ್ನ ಫೈರ್‌ವಾಲ್ ಆಫೀಸಿನ ನಡುವಿನ ಮೇಜಿನ ಮೇಲೆ ವಿಭೂತಿ ಪಟ್ಟೆ ಬಳಿಸಿಕೊಂಡು, ಕುಂಕುಮ ಹಚ್ಚಿಸಿಕೊಂಡು, ಚೆಂಡುಹೂವಿನ ಹಾರ ಹಾಕಿಕೊಂಡು ಸ್ಕ್ರೂಡ್ರೈವರು, ಸ್ಕೂಟರ್ ಕೀಗಳ ನಡುವೆ ಮದುಮಗನ ಹಾಗೆ ಕೂತಿದೆ. ಅದಕ್ಕೆ ಬರಬೇಕಿದ್ದ ಹೊರಗಿನ ಕೇಬಲ್ ಸೀದಾ ಸರ್ವರಿನ ಬೆನ್ನಿಗೆ ಹೋಗಿದೆ.

"ಇದನ್ನ ಯಾರು ಎತ್ತಿದ್ದು?" ಅಂದೆ.

ಸರ್ ತಲೆ ಕೆರೆದುಕೊಂಡರು. "ಅದಕ್ಕೆ ಮಾನಿಟರೇ ಇಲ್ವಲ್ಲಮ್ಮ, ಸುಮ್ನೆ ಕೂತಿದೆ ಅಂದ್ಕೊಂಡೆ. ಪೂಜೆಗೆ ಒಂದಾದ್ರೂ ಕಂಪ್ಯೂಟರ್ ಇಡ್ಬೇಕು ಅಂದ್ರು ಅಮ್ಮ. ಸೈಟ್ ನಿಲ್ಬಾರ್ದು ಅಂತ ವೈರನ್ನ ನಾನೇ ಆ ಕಡೆ ಚುಚ್ಚಿದೆ."

ಮೈಯೆಲ್ಲ ಉರಿದುಹೋಯಿತು. ಮೊದಲು ಆ ಕೇಬಲ್ ಕಿತ್ತೆ. "ಅಯ್ಯೋ, ವಿಜಯದಶಮಿ ದಿನ ಜನ ಜಾಸ್ತಿ ರಿಜಿಸ್ಟರ್ ಮಾಡ್ತಾರಮ್ಮ!" ಅಂತ ಸರ್ ಬಾಯಿ ಬಡಿದುಕೊಂಡರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸರ್ವರಿಗೆ ಯಾರು ಬಂದರು, ಏನು ಮುಟ್ಟಿದರು ಅನ್ನುವುದೆಲ್ಲ ಅದರಲ್ಲೇ ದಾಖಲಾಗಿರುತ್ತದೆ. ತೆಗೆದು ನೋಡಿದೆ. ಇಂಟರ್ನೆಟ್ಟಿನಿಂದ ನುಗ್ಗಿದವನು ಬುರುಡೆಯ ಚಿತ್ರ ಅಂಟಿಸಿ ಸುಮ್ಮನೆ ಹೋಗಿರಲಿಲ್ಲ. ಹೆಣ್ಣುಮಕ್ಕಳ ಫೋಟೋ, ವಿಳಾಸದ ಫೈಲುಗಳನ್ನೂ ತೆರೆದಿದ್ದ. ಅದರಲ್ಲಿ ಎಷ್ಟು ಹೊತ್ತೊಯ್ದಿದ್ದಾನೆ ಅನ್ನುವುದು ಮಾತ್ರ ತಿಳಿಯುವಂತಿರಲಿಲ್ಲ. ನನ್ನ ಕಣ್ಣಮುಂದೆ ಬಂದದ್ದು ಶೋಭಾ ಒಬ್ಬರೇ.

ಫೈರ್‌ವಾಲನ್ನು ಹಾರದ ಸಮೇತ ಎರಡೂ ಕೈಯಲ್ಲಿ ಎತ್ತಿಕೊಂಡೆ. ಅಷ್ಟರಲ್ಲಿ ಅಜ್ಜಿ ಬಾಗಿಲಲ್ಲಿ.

"ಏ, ಏ, ಮಡಗು ಕೆಳಗೆ! ಇವತ್ತಿನ ಮಂಗಳಾರತಿ ಆಗಿಲ್ಲ ಕಣವ್ವಾ!"

"ಅಜ್ಜಿ, ಇದು ನಮ್ಮ ಕಾವಲು. ಇದನ್ನ ಇಲ್ಲಿ ತಂದು ಕೂರಿಸಿದ್ದಕ್ಕೇ ಕಳ್ಳ ನುಗ್ಗಿದಾನೆ. ನಾನಂತೂ ಇಡಲ್ಲ."

ಅಜ್ಜಿ ನನ್ನ ಮುಖ ನೋಡಿದರು, ಡಬ್ಬವನ್ನು ನೋಡಿದರು. "ಹಂಗಾರೆ ಅಲ್ಲೇ ನಿಂತ್ಕೋ, ಅಲ್ಲಾಡಬ್ಯಾಡ," ಅಂದವರೇ ಕರ್ಪೂರ ಹಚ್ಚಿ, ನಾನು ಎತ್ತಿಕೊಂಡಿದ್ದ ಹಾಗೆಯೇ ಬೆಳಗಿಬಿಟ್ಟರು. ಆರತಿ ಅದಕ್ಕಾಯಿತೋ ನನಗಾಯಿತೋ ದೇವರಿಗೇ ಗೊತ್ತು. ಇವತ್ತು ನೆನೆಸಿಕೊಂಡರೆ ನಗು ಬರುತ್ತದೆ. ಆಗ ಮಾತ್ರ ಆರತಿ ಮುಗಿದದ್ದೇ ತಡ, ಅದನ್ನು ಮೂಲೆಗೆ ಒಯ್ದು ಮೊದಲಿನ ಜಾಗದಲ್ಲಿ ಕೂರಿಸಿದೆ.

ಮಧ್ಯಾಹ್ನದ ಹೊತ್ತಿಗೆ ಸರ್ವರನ್ನು ಪೂರ್ತಿ ಅಳಿಸಿ, ಮೊದಲೇ ನಕಲು ಮಾಡಿಟ್ಟಿದ್ದ ಸಿ.ಡಿ.ಗಳಿಂದ ಎಲ್ಲ ಮತ್ತೆ ತುಂಬಿ, ಪಾಸ್‌ವರ್ಡುಗಳನ್ನೆಲ್ಲ ಬದಲಾಯಿಸಿ, ಹೊರಗಿನ ಕೇಬಲನ್ನು ಮತ್ತೆ ಫೈರ್‌ವಾಲಿಗೇ ಚುಚ್ಚಿದೆ. ಬುರುಡೆ ಹೋಯಿತು. ಸರ್ ಉಸಿರು ಬಿಟ್ಟರು.

"ಸರಿಹೋಯ್ತಲ್ಲ, ಇಲ್ಲಿಗೇ ಬಿಡಮ್ಮ. ಊರಿಗೆಲ್ಲ ಡಂಗುರ ಸಾರಿದ್ರೆ ಒಬ್ರೂ ನಮ್ ಕಡೆ ತಿರುಗಿ ನೋಡಲ್ಲ."

"ನೋಡ್ದಿದ್ರೆ ಬೇಡ ಸರ್. ಈಗಲೇ ಎಲ್ಲರಿಗೂ ಮೇಲ್ ಹೋಗುತ್ತೆ. ಮೇಲ್ ಇಲ್ಲದವ್ರಿಗೆ ಫೋನ್ ಮಾಡೋಣ."

"ನಿಂಗೆ ಕೆಲಸದಲ್ಲಿರೋ ಆಸೆ ಇದೆಯೋ ಇಲ್ವೋ?"

"ಅದನ್ನ ಆಮೇಲೆ ಮಾತಾಡೋಣ ಸರ್."

ಮೆಟ್ಟಿಲ ಮೇಲೆ ಕೂತಿದ್ದ ಅಜ್ಜಿ ಅಲ್ಲಿಂದಲೇ ಗದರಿದರು. "ಲೋ ಮುನಿರಾಜಾ, ಹೆಣ್ಮಕ್ಳ ಫೋಟೋ ಕಣ್ಲಾ. ನಿನ್ ತಂಗೀದಾಗಿದ್ರೆ ಸುಮ್ಕಿರ್ತಿದ್ದೇನ್ಲಾ?"

ಸರ್ ದಾರಿ ಬಿಟ್ಟು ಪಕ್ಕಕ್ಕೆ ಸರಿದರು. ಮೇಲ್ ಹೋಯಿತು. ಫೋನ್ ಮಾಡುವ ಕೆಲಸವನ್ನು ಸರ್‌ಗೇ ಒಪ್ಪಿಸಿ ನಾನು ಹೊರಟೆ. ಶೋಭಾ ಅವರು ಕೊಟ್ಟಿದ್ದದ್ದು ಶಾಲೆಯ ನಂಬರು ಮಾತ್ರ, ಶಾಲೆಗೆ ದಸರಾ ರಜೆ. ಮನೆಗೇ ಹೋಗಿ ಹೇಳದೆ ಬೇರೆ ದಾರಿ ಇರಲಿಲ್ಲ. ಬಾಳೆಕಂದು ಕಟ್ಟಿಕೊಂಡಿದ್ದ ಕೆ.ಆರ್.ಪುರಂ ಬಸ್ಸು ಒಡೆದ ಬೂದುಗುಂಬಳದ ಚೂರುಗಳ ಮೇಲೆ ನಿಧಾನವಾಗಿ ಹೋಗುತ್ತಿತ್ತು. ಇಳಿದು ತಳ್ಳೋಣವೇ ಅನ್ನಿಸುವಷ್ಟು ಚಡಪಡಿಕೆ ನನಗೆ.

ಶೋಭಾ ಕಿಟಕಿಯಿಂದ ನೋಡಿ, ನಾನೇ ಎಂದು ಖಾತ್ರಿಯಾದ ಮೇಲೆ ಬಾಗಿಲು ತೆಗೆದರು. ಒಳಗೆ ಹೋಗಿ ಮುಚ್ಚುಮರೆಯಿಲ್ಲದೆ ಎಲ್ಲ ಹೇಳಿದೆ. ಅವರ ಮುಖ ಬಿಳಿಚಿಕೊಂಡಿತು.

"ನನ್ನ ಜವಾಬ್ದಾರಿ ಅಂದಿದ್ರಿ ನೀವು."

"ಹೌದು, ಅಂದಿದ್ದೆ."

"ಮತ್ತ?"

ನಾನು ರಜೆಯಲ್ಲಿದ್ದೆ ಅನ್ನುವ ಮಾತು ನಾಲಿಗೆ ತುದಿಗೆ ಬಂತು. ನುಂಗಿಕೊಂಡೆ. ಆ ರಜೆ ಕಟ್ಟಿಕೊಂಡು ಅವರಿಗೇನಾಗಬೇಕು?

"ಅವನ ಕೈಗೆ ಸಿಕ್ಕಿರಬಹುದೇನ್ರಿ?" ಅಂದರು ಮೆಲ್ಲಗೆ.

"ಗೊತ್ತಿಲ್ಲ ಮೇಡಂ. ಸಿಕ್ಕಿರಲ್ಲ ಅಂತ ಸುಳ್ಳು ಧೈರ್ಯ ಹೇಳೋಕೆ ನಾನು ಬಂದಿಲ್ಲ."

ಬೈಯುತ್ತಾರೆ ಅಂದುಕೊಂಡೆ. ಅವರು ಎದ್ದು ಸೀರೆ ಮಡಚತೊಡಗಿದರು. "ಇಲ್ಲಿತನಕಾ ಅವ ಬಾಗಲಾ ಬಡದ ಮ್ಯಾಲೇ ನನಗ ಗೊತ್ತಾಗತಿತ್ತು. ಈ ಸಲ ಮೊದಲ ಗೊತ್ತಾತು. ನಿಂತು ನೋಡಬ್ಯಾಡ್ರಿ, ಆ ಟ್ರಂಕು ಹಿಡೀರಿ."

ಅವತ್ತು ಸಂಜೆಯೇ ಮಾರತ್ತಹಳ್ಳಿಯಲ್ಲಿದ್ದ ಅವರ ಸಹೋದ್ಯೋಗಿಯ ಮನೆಗೆ ಸಾಮಾನು ಸಾಗಿಸಿದೆವು. ಆಟೋ ಹತ್ತುವಾಗ ಮಗಳು, "ಈ ಮನೀನೂ ಬಿಟ್ವೇನವ್ವಾ?" ಅಂತ ಕೇಳಿದಳು. ಅವಳಿಗೆ ಆರೇಳು ವರ್ಷ ಇರಬಹುದು. ಅವಳನ್ನು ಎತ್ತಿ ಟ್ರಂಕಿನ ಪಕ್ಕ ಕೂರಿಸಿದೆ.

ಆ ವಿಳಾಸ ಯಾರ ಕೈಗಾದರೂ ಹೋಯಿತೋ ಇಲ್ಲವೋ ನಮಗೆ ಕೊನೆಗೂ ತಿಳಿಯಲಿಲ್ಲ. ಮೇಲ್ ನೋಡಿ ಬಹಳ ಜನ ಹೆಸರು ತೆಗೆಸಿದರು, ಕೆಲವರು ಬಾಯಿಗೆ ಬಂದಂತೆ ಬೈದರು. ಸರ್ ಒಂದು ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಆದರೆ ಕೆಲಸದಿಂದ ತೆಗೆಯಲೂ ಇಲ್ಲ. ಅಜ್ಜಿಗೆ ಹೆದರಿಯೇ ಇರಬೇಕು.

ಮುಂದಿನ ವರ್ಷ ಆಯುಧಪೂಜೆಗೆ ನಾನು ರಜೆ ಹಾಕಲಿಲ್ಲ. ಆಮೇಲೆ ಇವತ್ತಿನವರೆಗೆ, ಎರಡು ಆಫೀಸು ಬದಲಾಯಿಸಿದರೂ, ಆ ದಿನ ರಜೆ ಹಾಕಿಲ್ಲ. ಹಾಗೆ ರಜೆ ಹಾಕದ ಮೊದಲ ವರ್ಷ ಅಜ್ಜಿ ಮಂಡಿ ನೋವಿನಲ್ಲೂ ಮೂಲೆಯವರೆಗೆ ಬಂದು, ಫೈರ್‌ವಾಲ್ ಇದ್ದಲ್ಲೇ, ಅದು ಮಿಣಮಿಣ ಅನ್ನುತ್ತಿದ್ದ ಹಾಗೆಯೇ ಕುಂಕುಮ ಇಟ್ಟರು. ಅಷ್ಟರಲ್ಲಿ ಫೋನ್ ಬಂತು. ಶೋಭಾ.

"ಇವತ್ತ ಪೂಜಾ ಅಲ್ರಿ? ನಿಮ್ಮ ಆ ಡಬ್ಬಿ ತನ್ನ ಜಾಗಾದಾಗ ಐತೇನ್ರಿ?"

ಬಾಯಿಮಾತಿಗೆ ಹೂಂ ಅನ್ನಲು ಮನಸ್ಸಾಗಲಿಲ್ಲ. ಎದ್ದು ಹೋಗಿ, ಕೇಬಲನ್ನು ಕೈಯಲ್ಲಿ ಮುಟ್ಟಿ ನೋಡಿ ಬಂದೆ.

"ಜಾಗದಲ್ಲೇ ಇದೆ ಮೇಡಂ. ಪಕ್ಕದಲ್ಲೇ ನಾನೂ ಇದೀನಿ."

"ಹಂಗಾರ ನಾ ಹೋಳಿಗಿಗೆ ಬ್ಯಾಳಿ ಇಡ್ತೀನಿ," ಅಂದು ಫೋನ್ ಇಟ್ಟರು. ಪ್ರತಿ ಆಯುಧಪೂಜೆಗೂ ಆ ಫೋನ್ ಬರುತ್ತದೆ. ಪ್ರತಿ ಸಲವೂ ನಾನು ಎದ್ದು ಹೋಗಿ, ಆಗಿರುವ ಆಫೀಸಿನ ಫೈರ್‌ವಾಲನ್ನು ನೋಡಿ ಬಂದೇ ಉತ್ತರ ಹೇಳುತ್ತೇನೆ.