ತಲೆಗೆ ನೀರು ಹಾಕಿಕೊಂಡು ಬಂದವರು

ಗುಂಡ್ಲುಪೇಟೆ ರಸ್ತೆಯ ಚೆಂಡುಹೂವಿನ ಹೊಲಗಳ ಮುಂದೆ ಕಾರು ನಿಲ್ಲಿಸಿ ಫೋಟೋ ತೆಗೆಸಿಕೊಳ್ಳುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಆ ಹೂವನ್ನು ಬರಿಗೈಯಲ್ಲಿ ಕಿತ್ತು ಚೀಲ ತುಂಬುವವರಲ್ಲಿ ನನ್ನ ಅತ್ತಿಗೆಯೂ ಒಬ್ಬಳು. ನಮ್ಮ ಮನೆಗೆ ಬಂದ ಮೇಲೆ ಅವಳಿಗೆ ಎರಡು ಬಸಿರು ನಿಂತಿರಲಿಲ್ಲ. ಮೂರನೆಯದಕ್ಕೆ ಐದು ತಿಂಗಳು ತುಂಬಿದ್ದಾಗ ನಾನು ಚಾಮರಾಜನಗರದಲ್ಲಿ ಒಂದು ಸಂಶೋಧನಾ ತಂಡದಲ್ಲಿ ಕೆಲಸಕ್ಕಿದ್ದೆ.

ಹೂವಿಗೆ ಹೊಡೆಯುವ ಕೀಟನಾಶಕ ಔಷಧಿ, ಹೂ ಕೀಳುವವರ ಮೈಯೊಳಗೆ ಎಷ್ಟು ಸೇರುತ್ತದೆ ಎಂದು ಮೂತ್ರ ಪರೀಕ್ಷೆಯಿಂದ ತಿಳಿಯಲು ಆ ತಂಡ ಹೊರಟಿತ್ತು. ಡಬ್ಬಿ ಹಂಚುವುದು, ತುಂಬಿದ್ದನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ತರುವುದು ನನ್ನ ಪಾಲಿನ ಕೆಲಸ. ಇದಕ್ಕಾ ಇಷ್ಟು ಓದಿದ್ದು ಎಂದು ನಕ್ಕ ನೆಂಟರಿದ್ದಾರೆ. ನಗಲಿ.

ಅತ್ತಿಗೆ ನಗಲಿಲ್ಲ. "ಅದ್ರಲ್ಲೇನಾರ ಸಿಕ್ಬುಟ್ರೆ ಹೂವ ಕೀಳಕ್ಕೆ ಓಗದ ಬುಟ್ಬುಡ್ತೀನಿ ಕಣಮ್ಮಿ. ಈ ಸಲ ಇದೊಂದು ಉಳ್ಕಂಡ್ರೆ ಸಾಕು," ಎಂದಳು. ಅಣ್ಣನೂ ಒಪ್ಪಿದ್ದ.

ಗೊತ್ತು ಮಾಡಿದ ದಿನ ಬೆಳಿಗ್ಗೆ ತಂಡ ನಮ್ಮ ಊರಿಗೆ ಬಂದಾಗ ಶಾಲೆಯ ಜಗಲಿ ಮದುವೆಮನೆಯ ಹಾಗಿತ್ತು. ಹೆಂಗಸರೆಲ್ಲ ಪೆಟ್ಟಿಗೆಯ ಸೀರೆ ಉಟ್ಟು, ಒದ್ದೆ ತಲೆಗೆ ಗಂಟು ಹಾಕಿ, ಕುಂಕುಮ ಇಟ್ಟು ಕೂತಿದ್ದರು. "ಎಷ್ಟು ಶುಚಿಯಾಗಿದ್ದಾರೆ," ಎಂದು ನಮ್ಮ ಹಿರಿಯ ವಿಜ್ಞಾನಿ ಮೆಚ್ಚಿದರು. ನನ್ನ ಊರಲ್ಲವೇ, ನಾನೂ ಉಬ್ಬಿದೆ.

ಕೆಲವು ವಾರಗಳಲ್ಲಿ ಫಲಿತಾಂಶ ಬಂತು. ಆತಂಕಪಡುವಷ್ಟಿಲ್ಲ, ಆದರೂ ಎಚ್ಚರಿಕೆಯಿಂದಿರುವುದು ಒಳ್ಳೆಯದು ಎಂದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವಂಥ ಮಾತು. ನನಗೆ ಅದರ ಮೊದಲರ್ಧವೇ ಸಾಕಾಗಿತ್ತು. ಫೋನ್ ಮಾಡಿ ಅತ್ತಿಗೆಗೆ ಹೇಳಿದೆ. ಅವಳು ಬಾಯಿ ತುಂಬ ನಕ್ಕದ್ದು ಕೇಳಿ ಎಷ್ಟು ದಿನವಾಗಿತ್ತೋ.

ಎರಡನೇ ಸುತ್ತಿನ ಪರೀಕ್ಷೆಗೆ ಊರವರಿಗೆ ಮೊದಲೇ ಹೇಳಿಕಳುಹಿಸಲು ಯಾರಿಗೂ ಪುರುಸೊತ್ತಾಗಲಿಲ್ಲ. ನಾನೊಬ್ಬಳೇ ಪೆಟ್ಟಿಗೆ ಹಿಡಿದು ನೇರ ಹೊಲಕ್ಕೆ ಹೋದೆ. ಹಿಂದಿನ ಸಂಜೆ ಔಷಧಿ ಹೊಡೆದಿದ್ದರು. ವಾಸನೆ ಗಂಟಲು ಕೆರೆಯುತ್ತಿತ್ತು. ಅತ್ತಿಗೆ ಸಾಲಿನ ನಡುವೆ ಬಗ್ಗಿ ಹೂ ಕೀಳುತ್ತಿದ್ದಳು. ಇಬ್ಬನಿಗೆ ಸೀರೆ ಹೊಟ್ಟೆಯವರೆಗೂ ನೆನೆದಿತ್ತು. ನಾನು ಡಬ್ಬಿ ಚಾಚಿದೆ. ಅವಳು ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

"ಇವತ್ತು ಬ್ಯಾಡ ಕಣಮ್ಮಿ. ಮೈಯೆಲ್ಲ ಗಲೀಜಾಗ್ಬುಟ್ಟದೆ. ನಾಳಿದ್ದು ಬಾ, ಒಳ್ಳೇದ ಕೊಡ್ತೀನಿ."

"ನಾಳಿದ್ದು ಯಾಕೆ?"

"ಅವತ್ತು ನಿಮ್ ಡಾಕ್ಟ್ರು ಬತ್ತರೆ ಅಂದಾಗ್ಲೂ ಅಂಗೇ ಅಲ್ವಾ ಮಾಡಿದ್ದು? ಎರಡು ದಿನ ಯಾರೂ ಒಲದ ಕಡೀಕೆ ಬರ್ನಿಲ್ಲ. ಸೀಗೇಕಾಯಾಕಿ ತಲೆಗೆ ನೀರುಯ್ಕಂಡು ಬಂದೊ. ದೊಡ್ಡೋರ ಮುಂದಕ್ಕೆ ಔಷ್ದಿ ವಾಸ್ನೆ ಒತ್ಕಂಡು ಓಗದಾ?"

ಮೈಗೆ ಸೇರಿದ್ದು ಒಂದೆರಡು ದಿನದಲ್ಲಿ ಮೂತ್ರದಲ್ಲಿ ಹರಿದುಹೋಗುತ್ತದೆ ಎಂದು ತರಬೇತಿಯಲ್ಲಿ ನಮಗೆ ಹೇಳಿದ್ದರು. ಊರಿಗೆ ಊರೇ ತೊಳೆದುಕೊಂಡು ಬಂದು ಕೂತಿತ್ತು, ನಾವು ಅದನ್ನೇ ತೂಗಿ ಏನೂ ಇಲ್ಲ ಎಂದಿದ್ದೆವು. ನನಗೆ ಸಿಟ್ಟು ಬಂತು. ಆದರೆ ಮರ್ಯಾದೆಗೆ ಮಿಂದು ಬಂದವರ ಮೇಲೆ ಸಿಟ್ಟಾಗುವುದು ಹೇಗೆ?

ಬದುವಿನ ಮೇಲೆ ಅವಳನ್ನು ಕೂರಿಸಿ ಎಲ್ಲವನ್ನೂ ಬಿಡಿಸಿ ಹೇಳಿದೆ. ಕೆಲಸದ ದಿನದ್ದೇ ಬೇಕು, ಗಲೀಜಾಗಿರುವುದೇ ಬೇಕು, ಅವತ್ತಿನದು ಲೆಕ್ಕಕ್ಕಿಲ್ಲ ಎಂದೆ. ಅವಳು ಸೆರಗಿನಿಂದ ಕೈ ತೆಗೆದು, ಹೂವಿನ ಕಲೆ ಹತ್ತಿ ಕಪ್ಪಾಗಿದ್ದ ಬೆರಳುಗಳನ್ನು ನೋಡಿಕೊಂಡಳು.

"ನೀನು ಏನೂ ಇಲ್ಲ ಅಂದ ಮ್ಯಾಲೆ ಒಂದು ದಿನಾನೂ ತಪ್ಪಿಸ್ದಂಗೆ ಒಲಕ್ಕೆ ಬಂದಿವ್ನಲ್ಲಮ್ಮಿ," ಎಂದಳು.

ಆಮೇಲೆ ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡು, ಹೊಟ್ಟೆಗೆ ಒಂದು ಕೈ ಆನಿಸಿಕೊಂಡು, ಬೇಲಿಯ ಮರೆಗೆ ಹೋದಳು.